ಕಪಾಟಿನಿಂದ ಇಳಿಸಿದ ಆಟ: ಪರ-ವಿರೋಧ

2014ರ ಡಿಸೆಂಬರ್ ಮೊದಲ ವಾರದಲ್ಲಿ ಆಸ್ಟ್ರೇಲಿಯಾದ ಟಾರ್ಗೆಟ್ ಮತ್ತು ಕೆಮಾರ್ಟ್ ಮಳಿಗೆಗಳು ‘ಗ್ರ್ಯಾಂಡ್ ಥೆಫ್ಟ್ ಆಟೊ 5’ ಎಂಬ ವಿಡಿಯೊ ಗೇಮಿನ ಮಾರಾಟವನ್ನು ನಿಲ್ಲಿಸಿದವು. ಇದನ್ನು ಮಾರಬೇಡಿ ಎಂದು ಲೈಂಗಿಕ ದೌರ್ಜನ್ಯವನ್ನು ಸ್ವತಃ ಅನುಭವಿಸಿದ್ದ ಕೆಲವು ಮಹಿಳೆಯರು ಆರಂಭಿಸಿದ ಮನವಿಗೆ 40 ಸಾವಿರಕ್ಕೂ ಹೆಚ್ಚು ಮಂದಿ ಸಹಿ ಹಾಕಿದ್ದರು. ಸರ್ಕಾರ ಆಟವನ್ನು ನಿಷೇಧಿಸಿರಲಿಲ್ಲ. 18 ವರ್ಷ ತುಂಬಿದವರಿಗೆ ಮಾತ್ರ ಎಂಬ ದರ್ಜೆಯೊಂದಿಗೆ ಅದು ಕಾನೂನುಬದ್ಧವಾಗಿಯೇ ಮಾರಾಟವಾಗುತ್ತಿತ್ತು. ಅಂಗಡಿಗಳು ಮಾಡಿದ್ದು ಸರಿಯೇ?

ಪರ

ಏನನ್ನು ಮಾರಬೇಕು, ಏನನ್ನು ಮಾರಬಾರದು ಎಂಬುದು ಅಂಗಡಿಯವರಿಗೆ ಬಿಟ್ಟದ್ದು ಎಂದು ಹೇಳಿ ಈ ಚರ್ಚೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡಬಹುದು. ಆದರೆ ಆ ಮಹಿಳೆಯರು ಎತ್ತಿದ್ದು ಹಕ್ಕಿನ ಪ್ರಶ್ನೆಯನ್ನಲ್ಲ, ವಿವೇಚನೆಯ ಪ್ರಶ್ನೆಯನ್ನು.

ಆಟದೊಳಗೆ ನಡೆಯುವುದನ್ನು ಮೊದಲು ನೋಡೋಣ. ರಾತ್ರಿ ಹೊತ್ತು ಬೀದಿಯಂಚಿನಲ್ಲಿ ಕಾರು ನಿಲ್ಲಿಸಿ ಹಾರ್ನ್ ಒತ್ತಿದರೆ ಲೈಂಗಿಕ ಕಾರ್ಯಕರ್ತೆಯೊಬ್ಬಳು ಬಂದು ಕಾರು ಹತ್ತುತ್ತಾಳೆ. ನಿರ್ಜನ ಜಾಗಕ್ಕೆ ಕರೆದೊಯ್ದು, ಹಣ ಕೊಟ್ಟು, ಅವಳು ಇಳಿದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವಳ ಮೇಲೆ ಕಾರು ಹರಿಸಿದರೆ ರಸ್ತೆಯಲ್ಲಿ ಹಣ ಬಿದ್ದಿರುತ್ತದೆ. ಆಟಗಾರ ಅದನ್ನು ಎತ್ತಿಕೊಂಡು ತನ್ನ ಪಾಡಿಗೆ ತಾನು ಹೋಗಬಹುದು. 2014ರ ನವೆಂಬರ್‌ನಲ್ಲಿ ಹೊಸ ಕನ್ಸೋಲ್‌ಗಳಿಗೆಂದು (ಟಿವಿಗೆ ಜೋಡಿಸಿ ಆಡುವ ಯಂತ್ರಗಳಿಗೆಂದು) ಬಂದ ಆವೃತ್ತಿಯಲ್ಲಿ ಇದನ್ನೆಲ್ಲ ಪಾತ್ರದ ಬೆನ್ನ ಹಿಂದೆ ನಿಂತು ನೋಡುವ ಬದಲು ಪಾತ್ರದ ಕಣ್ಣಿನಿಂದಲೇ ನೋಡುವ ಸೌಲಭ್ಯವೂ ಸೇರಿಕೊಂಡಿತು.

ಹಾಗೆ ಮಾಡೆಂದು ಆಟ ಎಲ್ಲಿಯೂ ಹೇಳುವುದಿಲ್ಲ ಎಂಬ ಉತ್ತರ ಆಟಗಾರರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಅದು ನಿಜವೂ ಹೌದು. ಆದರೆ ವಿಡಿಯೊ ಗೇಮಿನಲ್ಲಿ ತಾನಾಗಿಯೇ ಆಗುವುದು ಎಂಬುದೊಂದಿಲ್ಲ: ಆ ಚೀರಾಟವನ್ನು ಯಾರೋ ಸ್ಟುಡಿಯೊದಲ್ಲಿ ಕುಳಿತು ಧ್ವನಿಮುದ್ರಿಸಿದ್ದಾರೆ, ಆ ದೇಹ ಹೇಗೆ ಕುಸಿಯಬೇಕೆಂದು ಯಾರೋ ಲೆಕ್ಕ ಹಾಕಿದ್ದಾರೆ. ಇನ್ನೊಂದು ಸಂಗತಿಯನ್ನು ಗಮನಿಸಿ. ಆಟ ನಡೆಯುವ ಲಾಸ್ ಸಾಂಟೋಸ್ ಎಂಬ ಕಾಲ್ಪನಿಕ ನಗರದಲ್ಲಿ ಕಡಲತೀರವಿದೆ, ಅಲ್ಲಿ ಜಯಂಟ್ ವೀಲ್ ಸುತ್ತುತ್ತಿರುತ್ತದೆ, ಆದರೆ ಅದರ ಕೆಳಗೆ ಒಂದು ಮಗುವೂ ಓಡಾಡುವುದಿಲ್ಲ. ಇಡೀ ನಗರದ ಬೀದಿಗಳಲ್ಲಿ ಎಲ್ಲಿ ಹುಡುಕಿದರೂ ಮಕ್ಕಳಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಮಗುವನ್ನು ಕೊಲ್ಲಬಹುದಾದ ಆಟವನ್ನು ಮಾಡಲು ತಯಾರಕರಿಗೇ ಮನಸ್ಸಾಗಿರಲಿಕ್ಕಿಲ್ಲ. ಹಾಗಿದ್ದರೆ ಗೆರೆಯನ್ನು ಅವರೂ ಎಳೆದಿದ್ದಾರೆ. ಬೀದಿಯಲ್ಲಿ ದುಡಿಯುವ ಹೆಂಗಸು ಆ ಗೆರೆಯ ಆಚೆಗೆ ಏಕೆ ಉಳಿದಳು ಎಂದು ಕೇಳುವುದು ಅತಿಯಲ್ಲ.

ಕಲೆಗೆ ಹಿಂಸೆ ಹೊಸದಲ್ಲ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಕೀಚಕ ವಧೆಯ ಪ್ರಸಂಗವನ್ನು ಬಯಲಾಟದಲ್ಲಿ ನಿದ್ದೆಗಣ್ಣಿನಲ್ಲಿ ನೋಡಿ ಬೆಳೆದವರು ನಾವು. ಅಲ್ಲಿಯೂ ಹೆಣ್ಣಿನ ಮೇಲೆ ಕೈ ಎತ್ತುವ ಗಂಡಿದ್ದಾನೆ. ಆದರೆ ಸೈರಂಧ್ರಿಗೆ ಮಾತಿದೆ, ಅವಳು ವಿರಾಟನ ಸಭೆಯನ್ನೇ ಪ್ರಶ್ನಿಸುತ್ತಾಳೆ, ಅವಳಿಗಾದ ಅವಮಾನವೇ ಪ್ರಸಂಗವನ್ನು ಮುಂದಕ್ಕೊಯ್ಯುತ್ತದೆ. ಆಟದ ಆ ಹೆಂಗಸಿಗೆ ಹೆಸರೂ ಇಲ್ಲ.

ಆಟ ಆಡಿದವರು ಹೊರಗೆ ಹೋಗಿ ಹಾಗೆಯೇ ಮಾಡುತ್ತಾರೆ ಎಂದು ನಾನು ವಾದಿಸುವುದಿಲ್ಲ. 2019ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು 14-15 ವಯಸ್ಸಿನ 1,004 ಬ್ರಿಟಿಷ್ ಮಕ್ಕಳನ್ನು ಅಧ್ಯಯನ ಮಾಡಿದಾಗ ಹಿಂಸಾತ್ಮಕ ಆಟಗಳಿಗೂ ಆಕ್ರಮಣಕಾರಿ ವರ್ತನೆಗೂ ನಂಟು ಕಾಣಲಿಲ್ಲ. ನನ್ನ ಆಕ್ಷೇಪ ಪರಿಣಾಮದ ಕುರಿತಾದದ್ದಲ್ಲ. ಯಾವುದನ್ನು ಮೋಜೆಂದು ಕಟ್ಟಿ ಕೊಡಲಾಗಿದೆ ಎಂಬುದರ ಕುರಿತಾದದ್ದು. ಮೈಮೇಲೆ ಇಂಥದ್ದನ್ನು ಕಂಡುಂಡ ಹೆಂಗಸು ಮಕ್ಕಳ ಬಟ್ಟೆ, ಪಾತ್ರೆ-ಪಗಡೆ ಕೊಳ್ಳಲು ಹೋಗುವ ಅಂಗಡಿಯಲ್ಲಿ ಅದೇ ಮೋಜು ಮಾರಾಟಕ್ಕಿದ್ದರೆ ಬೇಡ ಎನ್ನುವುದಕ್ಕೆ ಅವಳಿಗೆ ಸಂಶೋಧನಾ ವರದಿಯ ಆಧಾರ ಬೇಕಿಲ್ಲ.

ವಿರೋಧ

ಮೇಲಿನ ದೃಶ್ಯದ ವರ್ಣನೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಆ ನಗರದಲ್ಲಿ ಸೂಟು ತೊಟ್ಟ ಗಂಡಸನ್ನು ಕೊಂದರೂ ಹಣ ಬೀಳುತ್ತದೆ, ಬೆಳಗಿನ ಓಟಕ್ಕೆ ಹೊರಟವನನ್ನು ಕೊಂದರೂ ಬೀಳುತ್ತದೆ. ಯಾರಾದರೂ ಕಂಡು ದೂರಿದರೆ ಪೊಲೀಸರು ಬೆನ್ನಟ್ಟುತ್ತಾರೆ. ಎಲ್ಲ ದಾರಿಹೋಕರಿಗೂ ಅನ್ವಯಿಸುವ ನಿಯಮವೊಂದನ್ನು ಒಬ್ಬಳ ವಿಷಯದಲ್ಲಿ ಮಾತ್ರ ತೋರಿಸಿ, ಹೆಣ್ಣನ್ನು ಕೊಂದದ್ದಕ್ಕೆ ಬಹುಮಾನವಿದೆ ಎನ್ನುವುದು ಆಟ ಆಡದವರನ್ನು ದಾರಿ ತಪ್ಪಿಸುತ್ತದೆ.

ಇದರ ಅರ್ಥ ಆಟದಲ್ಲಿ ಹೆಣ್ಣಿನ ಬಗ್ಗೆ ತಾತ್ಸಾರವಿಲ್ಲ ಎಂದಲ್ಲ. ಇದೆ, ಅದು ಬೇರೆ ಕಡೆ ಇದೆ. ಆಡಲು ಸಿಗುವ ಪಾತ್ರಗಳು ಮೂರು, ಮೂವರೂ ಗಂಡಸರು. ಕಥೆಯ ಹೆಂಗಸರು ಬಹುಪಾಲು ಗಂಡಸರಿಗೆ ತಲೆನೋವಾಗಿ ಇಲ್ಲವೇ ಕಣ್ಣಿಗೆ ಹಬ್ಬವಾಗಿ ಬಂದುಹೋಗುತ್ತಾರೆ. ಬರವಣಿಗೆಯ ಈ ಬಡತನವನ್ನು ಟೀಕಿಸುವುದಾದರೆ ನಾನೂ ದನಿಗೂಡಿಸುತ್ತೇನೆ, ಆದರೆ ಅಂಥ ಟೀಕೆಗೆ ಆಟ ಕಣ್ಣ ಮುಂದಿರಬೇಕು.

ಅದೇ ಆಟದಲ್ಲಿ ಇನ್ನೊಂದು ದೃಶ್ಯವಿದೆ. ಸರ್ಕಾರಿ ಏಜೆನ್ಸಿಯೊಂದರ ಆದೇಶದಂತೆ ಟ್ರೆವರ್ ಎಂಬ ಪಾತ್ರ ಕುರ್ಚಿಗೆ ಕಟ್ಟಿದ ವ್ಯಕ್ತಿಗೆ ಚಿತ್ರಹಿಂಸೆ ಕೊಡುತ್ತಾನೆ. ಇಕ್ಕಳ ಆರಿಸಿಕೊಂಡರೆ ಹಲ್ಲು ಸಡಿಲವಾಗುವ ತನಕ ಆಟಗಾರ ತನ್ನದೇ ಹೆಬ್ಬೆರಳಿನಿಂದ ಕಂಟ್ರೋಲರಿನ ಕಡ್ಡಿಯನ್ನು ತಿರುಗಿಸುತ್ತಿರಬೇಕು. ನೋಡುವುದಕ್ಕೂ ಮಾಡುವುದಕ್ಕೂ ಇರುವ ವ್ಯತ್ಯಾಸ ನನ್ನ ಕೈಗೆ ತಿಳಿದದ್ದು ಅಲ್ಲಿ. ಆಮೇಲೆ ಅದೇ ವ್ಯಕ್ತಿಯನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋಗುವಾಗ ಟ್ರೆವರ್, ಚಿತ್ರಹಿಂಸೆಯಿಂದ ಮಾಹಿತಿ ಸಿಗುವುದಿಲ್ಲ, ಅದು ಕೊಡುವವರ ತೃಪ್ತಿಗಷ್ಟೇ ಎಂಬರ್ಥದ ಮಾತಾಡುತ್ತಾನೆ. ವ್ಯಂಗ್ಯ ಅಷ್ಟೇನೂ ಸೂಕ್ಷ್ಮವಲ್ಲ, ಆದರೆ ನಾಟುತ್ತದೆ. ಈ ದೃಶ್ಯವೂ ಆ ಡಿಸ್ಕಿನಲ್ಲೇ ಇತ್ತು. ಕಪಾಟಿನಿಂದ ಇಳಿಸಿದಾಗ ಅದೂ ಇಳಿಯಿತು.

ವಯಸ್ಕರ ದರ್ಜೆ ಇರುವುದೇ ಇಂಥವಕ್ಕಾಗಿ. ಆಸ್ಟ್ರೇಲಿಯಾದಲ್ಲಿ ಆಟಗಳಿಗೆ ಆ ದರ್ಜೆ ಜಾರಿಗೆ ಬಂದದ್ದು 2013ರ ಜನವರಿಯಲ್ಲಿ, ವರ್ಷಗಟ್ಟಲೆ ವಾದ-ವಿವಾದ ನಡೆದ ಮೇಲೆ. ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ, ಮಕ್ಕಳಿಗೆ ಹಿಂಸಾತ್ಮಕ ಆಟ ಮಾರುವುದನ್ನು ತಡೆಯುವ ಕ್ಯಾಲಿಫೋರ್ನಿಯಾದ ಕಾನೂನನ್ನು 7-2ರ ಬಹುಮತದಿಂದ ರದ್ದು ಮಾಡಿದಾಗ, ನ್ಯಾಯಮೂರ್ತಿ ಸ್ಕಾಲಿಯಾ ಗ್ರಿಮ್ ಸೋದರರ ಮಕ್ಕಳ ಕಥೆಗಳಲ್ಲಿ ಇರುವ ಕ್ರೌರ್ಯವನ್ನು ನೆನಪಿಸಿದರು. ನಾನು ಅವರಷ್ಟು ದೂರ ಹೋಗಲಾರೆ. ನಗ್ನ ಚಿತ್ರವಿರುವ ಪತ್ರಿಕೆಯನ್ನು 13ರ ಹುಡುಗನಿಗೆ ಮಾರುವಂತಿಲ್ಲ, ಹೆಣ್ಣನ್ನು ಕಟ್ಟಿಹಾಕಿ ಕೊಲ್ಲುವ ಆಟವನ್ನು ಮಾರಬಹುದು ಎಂದರೆ ಏನರ್ಥ ಎಂದು ಭಿನ್ನಮತ ಬರೆದ ನ್ಯಾಯಮೂರ್ತಿ ಬ್ರೇಯರ್ ಕೇಳಿದ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ. ಆದರೆ ಟಾರ್ಗೆಟ್ ಮಳಿಗೆಯಲ್ಲಿ ಆಟ ಕೊಳ್ಳಲು ಬರುತ್ತಿದ್ದವರು ಕಾನೂನಿನ ಪ್ರಕಾರ ವಯಸ್ಕರು.

ಹುಡುಗರ ಮಾತಿಗೆ ಬಂದರೆ, ಅವರು ಮಳಿಗೆಯನ್ನು ನೆಚ್ಚಿಕೊಂಡು ಕೂರುವುದಿಲ್ಲ. ಹೈಸ್ಕೂಲಿನಲ್ಲಿದ್ದಾಗ ನಾವು ಇದೇ ಸರಣಿಯ ‘ವೈಸ್ ಸಿಟಿ’ ಆಡಿದ್ದು ಸೈಬರ್ ಸೆಂಟರಿನ ಪ್ಲೈವುಡ್ ಗೂಡುಗಳಲ್ಲಿ. ಗಂಟೆಯ ಲೆಕ್ಕದಲ್ಲಿ ದುಡ್ಡು, ಆಟವನ್ನು ಸುಲಭವಾಗಿಸುವ ಚೀಟ್ ಕೋಡುಗಳು ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ. ವಯಸ್ಸು ಕೇಳಿದವರಿಲ್ಲ. ಆಟದ ಹೆಂಗಸರನ್ನು ತೋರಿಸಿ ದೊಡ್ಡ ಹುಡುಗರು ಆಡುತ್ತಿದ್ದ ಮಾತುಗಳನ್ನು ಆಟ ಕಲಿಸಿರಲಿಲ್ಲ. ಅವೇ ಮಾತುಗಳನ್ನು ಅವರು ಬಸ್ ಸ್ಟ್ಯಾಂಡಿನಲ್ಲಿಯೂ ಆಡುತ್ತಿದ್ದರು.

2023ರ ಡಿಸೆಂಬರ್‌ನಲ್ಲಿ ಸರಣಿಯ ಆರನೆಯ ಆಟದ ಮೊದಲ ಟ್ರೇಲರ್ ಬಂದಾಗ ಆರಂಭದಲ್ಲೇ ಕಂಡದ್ದು ಜೈಲಿನಲ್ಲಿರುವ ಲೂಸಿಯಾ ಎಂಬ ನಾಯಕಿ. ಇದು ವರ್ಷಗಳ ಟೀಕೆಯ ಫಲವೋ ಕಂಪನಿಯ ಲೆಕ್ಕಾಚಾರವೋ ಹೇಳಲಾರೆ. ಎರಡು ಮಳಿಗೆಗಳು ಕಪಾಟು ಖಾಲಿ ಮಾಡಿದ ವಾರವೂ ಐದನೆಯ ಆಟ ಆಸ್ಟ್ರೇಲಿಯಾದ ಬೇರೆ ಅಂಗಡಿಗಳಲ್ಲಿ ಸಿಗುತ್ತಲೇ ಇತ್ತು.