ಇಂಗ್ಲಿಷರ ತಪ್ಪುಗಳನ್ನು ವಿಜಯಪುರದ ಹುಡುಗರು ಯಾಕೆ ಬಾಯಿಪಾಠ ಮಾಡಬೇಕು?

ಇಂಗ್ಲಿಷ್ ತಪ್ಪು ಬರೆಯುವುದರಲ್ಲಿ ಇಂಗ್ಲೆಂಡಿನವರೇನು ಹಿಂದೆ ಬಿದ್ದಿಲ್ಲ. ಇಲ್ಲಿ ಲೆಸ್ಟರ್‌ನಲ್ಲಿ ಅಂಗಡಿ ಬಾಗಿಲಿನ ಚೀಟಿಯಲ್ಲಿ, ಆಫೀಸಿನ ಇಮೇಲಿನಲ್ಲಿ ಎಷ್ಟು ಬೇಕಾದರೂ ಸಿಗುತ್ತವೆ. ‘ನಿಮ್ಮ’ ಎಂಬರ್ಥದ ಯುವರ್ ಬರೆಯಬೇಕಾದಲ್ಲಿ ‘ನೀವು ಇದ್ದೀರಿ’ ಎಂಬುದನ್ನು ಮೊಟಕು ಮಾಡಿದ ಯುವರ್ ಕೂತಿರುತ್ತದೆ. ಕನ್ನಡ ಲಿಪಿಯಲ್ಲಿ ಎರಡೂ ಒಂದೇ ಆಗುವುದರಿಂದ ವಿವರಿಸಲು ಇಷ್ಟು ಒದ್ದಾಡಬೇಕಾಯಿತು ನೋಡಿ. ಅವರ ಕಷ್ಟವೂ ಅದೇ: ಕಿವಿಗೆ ಎರಡೂ ಒಂದೇ. ‘ಶುಡ್ ಹ್ಯಾವ್’ ಅನ್ನಬೇಕಾದಲ್ಲಿ ‘ಶುಡ್ ಆಫ್’ ಎಂದು ಬರೆಯುವವರೂ ಇದ್ದಾರೆ. ಬಿರುಸಾಗಿ ಮಾತಾಡುವಾಗ ಹ್ಯಾವ್ ಕರಗಿ ಹಾಗೇ ಕೇಳಿಸುತ್ತದೆ.

ಅವರದು ಕಿವಿಯಿಂದ ಬಂದ ಇಂಗ್ಲಿಷ್, ಬರವಣಿಗೆ ಆಮೇಲಿನದು. ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಹುಡುಗರದು ಪುಸ್ತಕದಿಂದ, ಸ್ಪೆಲ್ಲಿಂಗ್ ಬಾಯಿಪಾಠದಿಂದ ಬಂದದ್ದು. ‘ಶುಡ್ ಆಫ್’ ಎಂದು ಬರೆದ ನಮ್ಮೂರ ಹುಡುಗನನ್ನು ನಾನಿನ್ನೂ ಕಂಡಿಲ್ಲ.

ಆದರೂ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನ್ನ ಅಕ್ಕನ ಮಗನಿಗೆ ಕೋಚಿಂಗಿನಲ್ಲಿ ಕೊಟ್ಟ ಗೊಂದಲದ ಪದಗಳ ಪಟ್ಟಿ ಇಂಗ್ಲಿಷರದೇ. ಕಾಲೇಜಿನ ಪ್ರಿನ್ಸಿಪಲ್ ಮತ್ತು ತತ್ವದ ಪ್ರಿನ್ಸಿಪಲ್. ಕಾಗದದ ಸ್ಟೇಷನರಿ ಮತ್ತು ಕದಲದೆ ನಿಂತ ಸ್ಟೇಷನರಿ. (ಈ ಎರಡರ ಬೇರು ಒಂದೇ. ಊರೂರು ತಿರುಗದೆ ಒಂದೇ ಕಡೆ ಅಂಗಡಿ ಇಟ್ಟ ಪುಸ್ತಕ ವ್ಯಾಪಾರಿಗೆ ಹಿಂದೆ ಸ್ಟೇಷನರ್ ಎನ್ನುತ್ತಿದ್ದರು. ಅವನು ಮಾರುವ ಕಾಗದ, ಶಾಯಿ ಸ್ಟೇಷನರಿಯಾಯಿತು. ಇದನ್ನು ಹೇಳಿಕೊಟ್ಟರೆ ಹುಡುಗರು ಮರೆಯುವುದಿಲ್ಲ, ಆದರೆ ಹೇಳಿಕೊಡುವವರು ಕಡಿಮೆ.)

ನಮ್ಮವರು ನಿಜವಾಗಿ ಎಡವುವುದು ಬೇರೆ ಕಡೆ. ಇಂಗ್ಲಿಷಿನ ಬಾರೋ (ಕಡ ತಗೋ) ಮತ್ತು ಲೆಂಡ್ (ಕಡ ಕೊಡು) ನೋಡಿ. ನಮ್ಮಲ್ಲಿ ಕೊಟ್ಟರೂ ಕಡ, ತಗೊಂಡರೂ ಕಡ. ಕೊಡು-ತಗೋ ಎಂಬ ಕ್ರಿಯಾಪದವೇ ದಿಕ್ಕು ಹೇಳುತ್ತದೆ. ಅದಕ್ಕೇ ‘ಬಾರೋ ಮಿ ಯುವರ್ ಪೆನ್’ ಎಂದು ಧೈರ್ಯವಾಗಿ ಕೇಳುತ್ತಾರೆ. ಬೆಳಗಾವಿಯ ಮರಾಠಿ ಮನೆಯ ಹುಡುಗರಿಗೂ ‘ಉಧಾರ’ದಿಂದ ಇದೇ ಫಜೀತಿ. ‘ನಾಳೆ ನೆನಪ ಮಾಡ್ರಿ ಸರ’ ಎಂಬುದು ನೇರವಾಗಿ ‘ರಿಮೆಂಬರ್ ಮಿ ಟುಮಾರೋ’ ಆಗುತ್ತದೆ. ಅಲ್ಲಿ ಬೇಕಾದದ್ದು ರಿಮೈಂಡ್. ನಮ್ಮ ‘ಕೇಳು’ ಒಂದರಲ್ಲೇ ಹಿಯರ್, ಲಿಸನ್, ಆಸ್ಕ್ ಮೂರೂ ಅಡಗಿವೆ. ‘ನೋಡು’ ಕೂಡ ಹಾಗೇ, ಆದ್ದರಿಂದ ಟಿವಿಯನ್ನು ವಾಚ್ ಮಾಡದೆ ಸೀ ಮಾಡುತ್ತಾರೆ. ಇನ್ನು ಉಚ್ಚಾರ: ಒಳಗೆ ತೊಡುವ ಬನಿಯನ್ನೂ ವೆಸ್ಟ್, ಪಡುವಣ ದಿಕ್ಕೂ ವೆಸ್ಟ್. ಇಂಗ್ಲೆಂಡಿನವರು ದಿಕ್ಕು ಹೇಳುವಾಗ ತುಟಿ ದುಂಡಗೆ ಮಾಡುತ್ತಾರೆ, ಬನಿಯನ್ನಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿಸುತ್ತಾರೆ. ಐದು ನಿಮಿಷದ ಪಾಠ. ಯಾವ ಪಟ್ಟಿಯಲ್ಲೂ ಇಲ್ಲ.

ಕನ್ನಡ ನಮ್ಮನ್ನು ಕಾಪಾಡುವುದೂ ಉಂಟು. ಇಂಗ್ಲೆಂಡಿನ ಆಡುಮಾತಿನಲ್ಲಿ ಕಲಿಸುವುದಕ್ಕೂ ಲರ್ನ್ ಎನ್ನುವವರಿದ್ದಾರೆ. ಕಲಿ, ಕಲಿಸು ಎಂದು ಬೇರೆಬೇರೆ ಕೇಳುತ್ತ ಬೆಳೆದವರಿಗೆ ಆ ಗೊಂದಲ ಯಾಕೆ ಬಂದೀತು?

‘ಮಾಮಾ, ಪರೀಕ್ಷಾದಾಗ ಕೇಳೂದು ಅದ ಸ್ಟೇಷನರಿ ಅಲ್ಲೇನ?’ ಅಂದ ಅಳಿಯ. ಅವನ ಮಾತು ತೆಗೆದುಹಾಕುವಂಥದ್ದಲ್ಲ. ಪರೀಕ್ಷೆಗೆ ಬೇಕಾದ್ದನ್ನು ಓದಲೇಬೇಕು. ಆದರೆ ನೌಕರಿ ಸಿಕ್ಕ ಮೇಲೆ ಸಾಲ ಕೇಳಲು ಬಂದವನ ಎದುರು ಕೂತು ಬ್ಯಾಂಕು ‘ಬಾರೋ’ ಮಾಡುತ್ತದೆ ಎಂದು ಬರೆದರೆ ಅರ್ಥವೇ ತಿರುಗುಮುರುಗಾಗುತ್ತದೆ. ಸ್ಟೇಷನರಿಯ ಒಂದಕ್ಷರ ತಪ್ಪಿದರೆ ಯಾರ ಗಂಟೂ ಹೋಗುವುದಿಲ್ಲ.

ಅಚ್ಚಾದ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿ ಇರಲಿ ಎನ್ನುವುದಷ್ಟೇ ನನ್ನ ವಾದ. ಅದನ್ನು ಲಂಡನ್ನಿನಿಂದ ತರಿಸಬೇಕಿಲ್ಲ. ಪಾಠ ಹೇಳುವವರು ಒಂದು ತಿಂಗಳು ತಮ್ಮ ಹುಡುಗರ ನೋಟ್‌ಬುಕ್ಕಿನ ತಪ್ಪುಗಳನ್ನೇ ಬರೆದಿಟ್ಟುಕೊಂಡರೆ ಸಾಕು. ಬಾರೋ-ಲೆಂಡ್ ಅದರ ಮೊದಲ ಪುಟದಲ್ಲೇ ಇರುತ್ತದೆ, ಬೇಕಾದರೆ ಪಣ ಕಟ್ಟುತ್ತೇನೆ.