ಙ ಅಕ್ಷರಕ್ಕೆ ಕೆಲಸ ಸಿಕ್ಕಿತು

"ಅದನ್ನ ಕಲ್ತು ಏನ್ ಮಾಡ್ತೀಯೋ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ವಾರಕ್ಕೊಂದು ಸಂಜೆ ವೆಲ್ಶ್ ಪಾಠಕ್ಕೆ ಹೋಗುತ್ತಿದ್ದೇನೆ ಎಂದಿದ್ದೆ, ಅಷ್ಟೆ.

ಅವಳು ಕೇಳಿದ್ದರಲ್ಲಿ ತಪ್ಪೇನಿಲ್ಲ. ನಾವಿರುವುದು ಬ್ರಿಟನ್ನಿಗೆ ಸೇರಿದ ವೇಲ್ಸ್ ದೇಶದ ಕಾರ್ಮಾರ್ಥನ್ ಎಂಬ ಊರಿನಲ್ಲಿ. ವೆಲ್ಶ್ ಇಲ್ಲಿನ ಭಾಷೆ. ಹೆಂಡತಿಗೆ ಆಸ್ಪತ್ರೆಯಲ್ಲಿ ಕೆಲಸ, ನನಗೆ ಮನೆಯಲ್ಲೇ ಲ್ಯಾಪ್‌ಟಾಪು. ವೆಲ್ಶ್ ಬರುವುದಿಲ್ಲ ಎಂದು ಇಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಬಸ್ಸು, ಬ್ಯಾಂಕು, ಔಷಧಿ ಅಂಗಡಿ ಎಲ್ಲ ಕಡೆ ಇಂಗ್ಲಿಷ್ ನಡೆಯುತ್ತದೆ. 2021ರ ಜನಗಣತಿಯಲ್ಲಿ ಇಡೀ ವೇಲ್ಸಿನಲ್ಲಿ ವೆಲ್ಶ್ ಬರುತ್ತದೆ ಎಂದವರು ಸುಮಾರು 5,38,000. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆಗಿಂತ ಕಡಿಮೆ. "ಎಲ್ಲರಿಗೂ ಇಂಗ್ಲಿಷ್ ಬರುತ್ತಲ್ಲ, ಮತ್ಯಾಕೆ ಇದು?" ಎಂದು ಜೊತೆ ಕೆಲಸ ಮಾಡುವವರೂ ಕೇಳಿದರು. ಈ ಪ್ರಶ್ನೆ ಎಲ್ಲೋ ಕೇಳಿದ ಹಾಗಿದೆಯಲ್ಲ ಅನ್ನಿಸಿತು. ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇದ್ದವನಿಗೆ ಅನ್ನಿಸದೇ ಇರುತ್ತದಾ?

ಅಮ್ಮನಿಗೆ ಹೇಳಿದ ಕಾರಣ ಮಗಳದ್ದು. ವೇಲ್ಸಿನ ಶಾಲೆಗಳಲ್ಲಿ ಹದಿನಾರು ವರ್ಷದವರೆಗೆ ವೆಲ್ಶ್ ಕಲಿಯಲೇಬೇಕು. ಒಂದು ಸಂಜೆ ಅವಳು ಸೋಫಾದ ಮೇಲೆ ಕಾಲು ಕುಣಿಸುತ್ತ, "ಗಾ ಇ ವಿಂಡ್ ಇರ್ ಟೀ ಬಾಖ್?" ಎಂದಳು. ನನಗೆ ಕೇಳಿಸಿದ್ದು ಟೀ ಒಂದೇ. "ಈ ಹೊತ್ತಲ್ಲಿ ಟೀ ಬೇಡ, ಹಾಲು ಕುಡಿ" ಎಂದೆ. "ಅಪ್ಪಾ, ಟಾಯ್ಲೆಟ್!" ಎಂದು ಓಡಿದಳು. ಟೀ ಎಂದರೆ ಮನೆ, ಬಾಖ್ ಎಂದರೆ ಚಿಕ್ಕದು. ಶೌಚಾಲಯಕ್ಕೆ ಇವರು ಚಿಕ್ಕ ಮನೆ ಎನ್ನುತ್ತಾರೆ. ಮಂಡ್ಯದ ಶಾಲೆಯಲ್ಲಿ ಕಿರುಬೆರಳು ಎತ್ತಿ "ಒಂದಕ್ಕೆ ಹೋಗ್ಬೇಕು ಮಿಸ್" ಎನ್ನುತ್ತಿದ್ದ ನನಗೆ ಈ ಜನ ನಮ್ಮವರೇ ಅನ್ನಿಸಿಬಿಟ್ಟರು. ಬೆಳಗಿನ ನಮಸ್ಕಾರವಾದ 'ಬೋರೆ ದಾ' ಕೇಳಿದಾಗಲೆಲ್ಲ ಊರಿನ ಬೋರೇಗೌಡರು ಎದುರಿಗೆ ಬಂದು ನಿಲ್ಲುತ್ತಿದ್ದುದು ಬೇರೆ ವಿಷಯ.

ಹೆಂಡತಿಗೆ ಹೇಳಿದ ಕಾರಣ ಸುಮ್ನೆ ಕುತೂಹಲ ಎಂದು. ಅದು ಪಾಠದ ಎರಡನೇ ವಾರಕ್ಕೇ ನಿಜವಾಯಿತು.

ಇಂಗ್ಲೆಂಡಿನಿಂದ ಸೆವರ್ನ್ ಸೇತುವೆ ದಾಟಿ ಬರುವಾಗ ರಸ್ತೆ ಬದಿಯಲ್ಲಿ 'ಕ್ರೊಯ್ಸೊ ಇ ಗಮ್ರಿ' ಎಂಬ ಬೋರ್ಡು ಕಾಣುತ್ತದೆ. ವೇಲ್ಸಿಗೆ ಸ್ವಾಗತ ಎಂದು. ಆದರೆ ದೇಶದ ಹೆಸರು ಅವರ ಭಾಷೆಯಲ್ಲಿ ಕಮ್ರಿ. ಹಾಗಾದರೆ ಗಮ್ರಿ ಯಾರು? ಮೇಷ್ಟ್ರು ವಿವರಿಸಿದರು. ವೆಲ್ಶ್‌ನಲ್ಲಿ ಪದದ ಮೊದಲ ಅಕ್ಷರ ಹಿಂದಿನ ಪದ ನೋಡಿಕೊಂಡು ವೇಷ ಬದಲಿಸುತ್ತದೆ. ಕ ಹೋಗಿ ಗ, ತ ಹೋಗಿ ದ, ಪ ಹೋಗಿ ಬ. ಅಕ್ಕಪಕ್ಕದವರು ತಲೆ ಮೇಲೆ ಕೈ ಹೊತ್ತರು. ಇಂಗ್ಲಿಷ್ ಒಂದನ್ನೇ ಬಲ್ಲವರಿಗೆ ಇದು ದೊಡ್ಡ ಗಂಡಾಂತರವಂತೆ. ನಾನು ಮಾತ್ರ ಏಳನೇ ಕ್ಲಾಸಿನ ಬೆಂಚಿನ ಮೇಲೆ ಕೂತಿದ್ದೆ. ಮಳೆ ಕೂಡಿಸು ಕಾಲ, ಮಳೆಗಾಲ. ಬೆಟ್ಟ ಕೂಡಿಸು ತಾವರೆ, ಬೆಟ್ಟದಾವರೆ. ಕಣ್ ಕೂಡಿಸು ಪನಿ, ಕಂಬನಿ. ಆದೇಶ ಸಂಧಿ! ಒಂದಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿ ಮರೆತಿದ್ದು ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ ಎದುರಾಯಿತು. ಭಾಷೆಯ ಹೆಸರು ಕೂಡ ಹಾಗೇ. ಬರೀ ಹೇಳಿದರೆ ಕಮ್ರಾಯ್ಗ್, ಹಿಂದೆ ಒಂದು 'ಅ' ಸೇರಿದರೆ ಗಮ್ರಾಯ್ಗ್. ಕನ್ನಡ ಹಳೆಯದಾದರೆ ಹಳೆಗನ್ನಡ ಆಗುವುದಿಲ್ಲವೇ? ಮ ಇಲ್ಲಿ ವ ಆಗುತ್ತದೆ. ನಮ್ಮಲ್ಲೂ ಮೆಲ್ ಕೂಡಿಸು ಮಾತು, ಮೆಲ್ವಾತು. ಮಗಳ 'ವಿಂಡ್' ಮೂಲದಲ್ಲಿ 'ಮಿಂಡ್', ಹೋಗು ಎಂದು ಅರ್ಥ.

ಎರಡಕ್ಕೂ ಸಂಬಂಧವಿಲ್ಲ ಎಂದು ಗೊತ್ತು. ನಮ್ಮದು ದ್ರಾವಿಡ, ಅವರದು ಕೆಲ್ಟಿಕ್. ನಮ್ಮಲ್ಲಿ ಎರಡು ಪದ ಸೇರಿ ಒಂದಾದಾಗ ಈ ಆಟ, ಅವರಲ್ಲಿ ಬೇರೆ ಬೇರೆ ನಿಂತಿದ್ದರೂ ನಡೆಯುತ್ತದೆ. ವೆಲ್ಶ್ ಕನ್ನಡದಿಂದ ಬಂತು ಎಂದು ವಾಟ್ಸಾಪಿನಲ್ಲಿ ಯಾರಾದರೂ ಕಳಿಸಿದರೆ ಅದು ನಾನಲ್ಲ.

ಹಾಗಂತ ಕಷ್ಟ ಇಲ್ಲ ಎಂದಲ್ಲ. 'ಗಾಥ್' ಎಂಬ ಪದವನ್ನು ನಿಘಂಟಿನಲ್ಲಿ ಅರ್ಧ ಗಂಟೆ ಹುಡುಕಿದೆ. ಸಿಗಲಿಲ್ಲ. ಅದು 'ಕಾಥ್', ಬೆಕ್ಕು. ವೇಷ ಕಳಚಿ ಹುಡುಕಬೇಕು. ಮಳೆಗಾಲ ಕೇಳಿಸಿಕೊಂಡು ಹೋಗಿ ಗಕಾರದಲ್ಲಿ 'ಗಾಲ' ಹುಡುಕುವ ಹೊರಗಿನವರ ಪಾಡು ಏನೆಂದು ಮೊದಲ ಸಲ ತಿಳಿಯಿತು.

ಆದರೆ ನನ್ನನ್ನು ಪೂರ್ತಿ ಮರುಳು ಮಾಡಿದ್ದು ಙ. ಮಕ್ಕಳ ಗೋಡೆ ಪಟ ನೆನಪಿದೆಯಾ? ಕ ಕಮಲ, ಖ ಖಡ್ಗ, ಗ ಗಡಿಯಾರ, ಘ ಘಂಟೆ. ಙ ಇದ್ದ ಚೌಕದಲ್ಲಿ ಚಿತ್ರವೇ ಇರುತ್ತಿರಲಿಲ್ಲ. ಆ ಅಕ್ಷರದ ಬಗ್ಗೆ ನನಗೆ ಚಿಕ್ಕಂದಿನಿಂದ ಒಂಥರಾ ಕನಿಕರ. ಮದುವೆ ಮನೆಗೆ ಕರೆದು ಊಟಕ್ಕೆ ಕೂರಿಸದ ಹಾಗೆ. ವೆಲ್ಶ್‌ನಲ್ಲಿ 'ವೇಲ್ಸಿನಲ್ಲಿ' ಎನ್ನಬೇಕಾದರೆ ಕಮ್ರಿಯ ಕ ಹೋಗಿ ಅಲ್ಲಿ ಙ ಬಂದು ಕೂರುತ್ತದೆ. 'ಅಙ್ ಙ್ಹಮ್ರಿ'. ಜತೆಗೆ ಸ್ವಲ್ಪ ಉಸಿರು. ಪಾಠದ ಹಾಲಿನಲ್ಲಿ ಹನ್ನೆರಡು ಜನ ಮೂಗು ಹಿಂಡಿಕೊಂಡು ಙ ಎನ್ನಲು ಒದ್ದಾಡುತ್ತಿದ್ದರು. ನನಗೆ ಒಂದನೇ ಕ್ಲಾಸಿನ ಟೀಚರು ಕೋಲು ಹಿಡಿದು ಕಲಿಸಿದ್ದರು. ಇಷ್ಟು ವರ್ಷದ ಮೇಲೆ ಅದಕ್ಕೊಂದು ಕೆಲಸ ಸಿಕ್ಕಿತಲ್ಲ ಎಂದು ಖುಷಿಯಾಯಿತು.

ಹೌದು-ಇಲ್ಲ ಎನ್ನುವುದಕ್ಕೂ ಇವರಲ್ಲಿ ಎಲ್ಲ ಕಡೆ ಸಲ್ಲುವ ಒಂದೇ ಪದವಿಲ್ಲ. ಪ್ರಶ್ನೆಯ ಕ್ರಿಯಾಪದವನ್ನೇ ತಿರುಗಿಸಿ ಹೇಳಬೇಕು. ಊಟ ಆಯ್ತಾ? ಆಯ್ತು. ಹಾಲಿದ್ಯಾ? ಇದೆ. ನಮಗೆ ಇದರಲ್ಲಿ ವಿಶೇಷವೇನಿದೆ? 'ಇದೆ' ಎನ್ನಲು ಒಂದು ಕಡೆ 'ಓಯ್ಸ್', ಇನ್ನೊಂದು ಕಡೆ 'ಅದಿ'. ಯಾವುದು ಎಲ್ಲಿ ಎಂಬುದರಲ್ಲಿ ನಾನು ಈಗಲೂ ಎಡವುತ್ತೇನೆ.

ಆಫೀಸಿನವರಿಗೆ ತಮಾಷೆಯ ಕಾರಣ ಕೊಟ್ಟೆ. 2008ರಲ್ಲಿ ಸ್ವಾನ್ಸಿಯಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಹಾಕಬೇಕಿತ್ತು. ಅನುವಾದಕ್ಕೆ ಇಮೇಲ್ ಹೋಯಿತು, ತಕ್ಷಣ ವೆಲ್ಶ್‌ನಲ್ಲಿ ಉತ್ತರ ಬಂತು. ಅದನ್ನೇ ಬರೆಸಿ ನೆಟ್ಟರು. ಅದರಲ್ಲಿದ್ದುದು: ನಾನು ಸದ್ಯ ಕಚೇರಿಯಲ್ಲಿಲ್ಲ, ಅನುವಾದದ ಕೆಲಸ ಏನಿದ್ದರೂ ಕಳಿಸಿ. ಬರೆಸಿದವರಿಗೆ ಓದಲು ಬಂದಿದ್ದರೆ ತಾನೇ! ಕನ್ನಡದ ಬೋರ್ಡುಗಳನ್ನು ನೋಡಿ ಬೆಳೆದವನಿಗೆ ಇದು ಹೊಸದಲ್ಲ, ನಕ್ಕರೂ ಹೊಟ್ಟೆ ಉರಿಯುತ್ತದೆ.

ಹೊಟ್ಟೆ ಉರಿಯುವ ಇನ್ನೊಂದು ಕಥೆ ಇದೆ. 19ನೇ ಶತಮಾನದಲ್ಲಿ ಇಲ್ಲಿನ ಎಷ್ಟೋ ಶಾಲೆಗಳಲ್ಲಿ ವೆಲ್ಶ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತು ಹಾಕುತ್ತಿದ್ದರು. 'ವೆಲ್ಶ್ ನಾಟ್' ಎಂದು ಅದರ ಹೆಸರು. ಇನ್ನೊಂದು ಮಗು ವೆಲ್ಶ್ ಆಡಿದರೆ ತುಂಡು ಅದರ ಕೊರಳಿಗೆ. ಸಂಜೆ ಗಂಟೆ ಹೊಡೆಯುವಾಗ ಯಾರ ಬಳಿ ಇರುತ್ತದೋ ಆ ಮಗುವಿಗೆ ಏಟು. ನಾನು ಹೈಸ್ಕೂಲು ಓದಿದ ಕಡೆ ಕನ್ನಡ ಆಡಿದರೆ ಒಂದು ರೂಪಾಯಿ ದಂಡವಿತ್ತು. ಲೆಕ್ಕ ಬರೆಯುವ ಲೀಡರ್ ನಾನೇ ಆಗಿದ್ದೆ. ಗೆಳೆಯರ ಹೆಸರುಗಳನ್ನು ಚೆಂದದ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೇನೆ. ಇದನ್ನು ಪಾಠದಲ್ಲಿ ಹೇಳಲಿಲ್ಲ.

ಅವರೂ ಸುಮ್ಮನೆ ಕೂತವರಲ್ಲ. ವೆಲ್ಶ್ ಟಿವಿ ಚಾನೆಲ್ ಕೊಡುತ್ತೇವೆಂದ ಸರ್ಕಾರ ಮಾತು ತಪ್ಪಿದಾಗ, 1980ರಲ್ಲಿ ಗ್ವಿನ್ವೋರ್ ಎವನ್ಸ್ ಎಂಬ ನಾಯಕ ಆಮರಣ ಉಪವಾಸ ಕೂರುತ್ತೇನೆ ಎಂದರು. ಸರ್ಕಾರ ಬಗ್ಗಿತು. ಚಾನೆಲ್ ಶುರುವಾದದ್ದು 1982ರ ನವೆಂಬರಿನಲ್ಲಿ. ಅದೇ ವರ್ಷ ನಮ್ಮಲ್ಲಿ ಗೋಕಾಕ್ ಚಳವಳಿ, ರಾಜ್‌ಕುಮಾರ್ ಊರೂರು ಸುತ್ತುತ್ತಿದ್ದರು.

ಇಷ್ಟೆಲ್ಲ ಹೇಳಿದರೂ ನಿಜವಾದ ಕಾರಣ ನಮ್ಮ ಬೀದಿಯ ಬೇಕರಿ. ಇಂಗ್ಲೆಂಡಿನಿಂದ ಬಂದವರದ್ದು ಒಂದು ಹಳೆಯ ದೂರಿದೆ: ನಾವು ಒಳಗೆ ಹೋದ ಕೂಡಲೇ ಇವರು ಬೇಕಂತಲೇ ವೆಲ್ಶ್ ಶುರು ಮಾಡುತ್ತಾರೆ ಎಂದು. ನಾನು ಕಂಡದ್ದು ಉಲ್ಟಾ. ಬಾಗಿಲು ತೆಗೆಯುವ ಮೊದಲು ಒಳಗಿನಿಂದ ವೆಲ್ಶ್ ಕೇಳುತ್ತಿರುತ್ತದೆ. ಮೂರು ಜನ ಅಜ್ಜಿಯರು, ಕೌಂಟರಿನ ಹೆಂಗಸು, ನಗು. ನಾನು ಕಾಲಿಟ್ಟ ಕೂಡಲೇ ಮಾತು ನಿಂತು ಇಂಗ್ಲಿಷ್ ಆಗುತ್ತದೆ. ನಾನು ಕೇಳಿದ್ದಿಲ್ಲ, ಅವರಾಗಿಯೇ ಬದಲಿಸುತ್ತಾರೆ. ಆದರೆ ಆ ನಗು ಇಂಗ್ಲಿಷಿಗೆ ಬರುವುದಿಲ್ಲ. ಬೆಂಗಳೂರಿನ ಕ್ಯಾಂಟೀನಿನಲ್ಲಿ ಐದು ಜನ ಕನ್ನಡದವರ ನಡುವೆ ಕನ್ನಡ ಬಾರದ ಒಬ್ಬ ಬಂದು ಕೂತರೆ ನಾವೂ ಹೀಗೇ ಬದಲಿಸುತ್ತಿದ್ದೆವು. ಆಮೇಲೆ ಅವನ ಬೆನ್ನ ಹಿಂದೆ, "ಹತ್ತು ವರ್ಷ ಆಯ್ತು, ಎರಡು ಮಾತು ಕಲೀಲಿಲ್ಲ ನೋಡು" ಎಂದು ಗೊಣಗುತ್ತಿದ್ದವನು ನಾನು. ಈಗ ನಾನೇ ಅವನು. ಇಲ್ಲಿಗೆ ಬಂದು ಐದು ವರ್ಷ ಆಯಿತು.

ಕಳೆದ ಶನಿವಾರ ಮಳೆಯಲ್ಲಿ ನೆನೆದುಕೊಂಡು ಬೇಕರಿಗೆ ಹೋದೆ. ಮಾತು ನಿಲ್ಲುವ ಮೊದಲೇ "ಬೋರೆ ದಾ" ಎಂದೆ. ಕೌಂಟರಿನ ಹೆಂಗಸು ಎಲ್ಲಿ ಇರೋದು ಎಂದು ವೆಲ್ಶ್‌ನಲ್ಲೇ ಕೇಳಿದಳು. ಈ ಊರಿಗೆ ಅವರ ಹೆಸರು ಕಾಯರ್‌ವರ್ದಿನ್. ನಾನು ಮೂಗಿನ ಆಳದಿಂದ ಙ ಎಳೆದು "ಅಙ್ ಙ್ಹಾಯರ್‌ವರ್ದಿನ್" ಎಂದೆ. ಹಿಂದೆ ಇದ್ದ ಅಜ್ಜಿ ಏನೋ ಉದ್ದಕ್ಕೆ ಕೇಳಿದರು. ನನಗೆ ಅರ್ಥವಾದದ್ದು 'ಗ್ಲೌ' ಒಂದೇ. ಮಳೆ. ಹೊರಗೆ ಇನ್ನೂ ಸುರೀತಿದೆಯಾ ಎಂದಿರಬೇಕು. "ಓಯ್ಸ್" ಎಂದೆ.

"ಅದಿ" ಎಂದು ತಿದ್ದಿ, ಅಜ್ಜಿ ಪಕ್ಕದವರ ಜೊತೆ ವೆಲ್ಶ್‌ನಲ್ಲಿ ಮಾತು ಮುಂದುವರಿಸಿದರು.