ನನ್ನ ಕಂಪನಿಯಲ್ಲಿ ಒಬ್ಬನೇ ಕೆಲಸಗಾರ, ಅವನಿಗೂ ಸಂಬಳ ಇಲ್ಲ

ಕೆಲಸ ಶುರುವಾದ ದಿನ ಕಂಪನಿಯವರು ನನ್ನನ್ನು ‘ನಮ್ಮ ಕುಟುಂಬದವರು’ ಅಂದರು. ಕೆಲಸ ಮುಗಿಸಿ ಬಿಲ್ ಕಳಿಸಿದ ದಿನ ‘ಗೌರವಾನ್ವಿತ ವೆಂಡರ್’ ಆದೆ. ಬಿಲ್ಲಿಗೆ ತಿಂಗಳು ತುಂಬಿ ಫೋನ್ ಮಾಡಿದಾಗ ‘ಯಾರು ಮಾತಾಡ್ತಿರೋದು?’ ಆದೆ. ಇಷ್ಟು ಬೇಗ ಒಡೆದ ಕುಟುಂಬವನ್ನು ನಾನು ಕಂಡಿಲ್ಲ. ಆಸ್ತಿ ಜಗಳದ ಮನೆಯಲ್ಲೂ ಒಂದು ತಲೆಮಾರಾದರೂ ತಡೆದುಕೊಳ್ಳುತ್ತಾರೆ.

ನಾನು ಸ್ವತಂತ್ರ ಗುತ್ತಿಗೆದಾರ. ಹೆಸರಿನಲ್ಲೇ ಸ್ವಾತಂತ್ರ್ಯ ಇದೆ ಅಂತ ಮೊದಮೊದಲು ಬೀಗಿದ್ದೆ. ಯಾರ ಸ್ವಾತಂತ್ರ್ಯ ಅಂತ ಒಪ್ಪಂದದಲ್ಲಿ ಬರೆದಿರಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಅವರ ಮೀಟಿಂಗಿಗೆ ಹಾಜರಿರಬೇಕು. ಅವರು ಕೊಟ್ಟ ಈಮೇಲ್ ಐಡಿಯಿಂದಲೇ ಬರೆಯಬೇಕು. ರಜೆ ಬೇಕಾದರೆ ಅವರ ಮ್ಯಾನೇಜರ್ ಒಪ್ಪಬೇಕು. ಅಲ್ಲಿಯವರೆಗೆ ನಾನು ನೌಕರ. ವಿಮೆ, ಪಿಂಚಣಿ, ರಜೆಯ ಸಂಬಳ ಅಂದ ಕೂಡಲೇ ನಾನು ಸ್ವತಂತ್ರ. ನಿಧಾನಕ್ಕೆ ತಿಳಿಯಿತು. ಸ್ವಾತಂತ್ರ್ಯ ಸಿಕ್ಕಿದ್ದು ಕಂಪನಿಗೆ, ನನಗೆ ದುಡ್ಡು ಕೊಡುವ ಕಷ್ಟದಿಂದ.

ಬಿಲ್ಲಿನ ಕಥೆ ಕೇಳಿ. ಮೊದಲ ಸಲ ವಾಪಸ್ ಬಂತು, ಪಿಓ ನಂಬರ್, ಅಂದರೆ ಕೆಲಸ ಕೊಟ್ಟ ಆದೇಶಪತ್ರದ (ಪರ್ಚೇಸ್ ಆರ್ಡರ್) ನಂಬರ್, ಇಲ್ಲ ಅಂತ. ಪಿಓ ಕೊಡಬೇಕಾದವರು ಮ್ಯಾನೇಜರ್. ಅವರು ಅಷ್ಟರಲ್ಲಿ ಕಂಪನಿ ಬಿಟ್ಟಿದ್ದರು. ಅವರ ಜಾಗಕ್ಕೆ ಬಂದವರು ‘ಇದು ನನ್ನ ಕಾಲದ್ದಲ್ಲ’ ಅಂದರು, ಯಾವುದೋ ಹಳೆಯ ರಾಜವಂಶದ ಶಾಸನದ ಬಗ್ಗೆ ಮಾತಾಡಿದ ಹಾಗೆ. ಹೇಗೋ ಪಿಓ ಸಿಕ್ಕಿತು. ಬಿಲ್ ಮತ್ತೆ ವಾಪಸ್. ಈ ಸಲ ಕಂಪನಿಯ ಹೆಸರಿನಲ್ಲಿ ಒಂದು ಚುಕ್ಕೆ ಬಿಟ್ಟುಹೋಗಿತ್ತು. ಚುಕ್ಕೆ ಇಟ್ಟು ಕಳಿಸಿದೆ. ಆಗ ಗೊತ್ತಾಯಿತು, ದುಡ್ಡು ಕೊಡಲು ಅವರಿಗಿರುವ ಅರವತ್ತು ದಿನದ ಗಡುವು ಎಣಿಸುವುದು ಸರಿಯಾದ ಬಿಲ್ ಕೈಸೇರಿದ ದಿನದಿಂದ. ಅಂದರೆ ಚುಕ್ಕೆ ಇಟ್ಟ ದಿನ ನನ್ನ ಬಿಲ್ಲಿಗೆ ಪುನರ್ಜನ್ಮ. ಹಿಂದಿನ ಜನ್ಮದಲ್ಲಿ ಕಾದದ್ದು ಲೆಕ್ಕಕ್ಕಿಲ್ಲ.

ಆಮೇಲೆ ‘ಪೇಮೆಂಟ್ ಸೈಕಲ್’. ಈ ಸೈಕಲ್ ತಪ್ಪಿತು, ಮುಂದಿನ ಸೈಕಲ್‌ಗೆ ಬರುತ್ತೆ. ನಾನು ಮೂರು ಸೈಕಲ್ ನೋಡಿದೆ, ಮೂರೂ ಪಂಕ್ಚರ್.

ಎಪ್ಪತ್ತನೆಯ ದಿನ ಅಕೌಂಟ್ಸ್‌ನಿಂದ ಒಂದು ಸಿಹಿ ಮಾತು ಬಂತು. ನಿಮಗೆ ‘ಅರ್ಲಿ ಪೇಮೆಂಟ್’ ಸೌಲಭ್ಯ ಇದೆ ಸರ್, ಸ್ವಲ್ಪ ರಿಯಾಯಿತಿ ಕೊಟ್ಟರೆ ಬೇಗ ಹಾಕಿಬಿಡ್ತೀವಿ. ತಡವಾಗಿದ್ದು ಅವರದು, ರಿಯಾಯಿತಿ ನನ್ನದು. ಎಪ್ಪತ್ತನೆಯ ದಿನವೂ ‘ಬೇಗ’ ಅನ್ನಿಸಿಕೊಳ್ಳುವ ಕ್ಯಾಲೆಂಡರ್ ಎಲ್ಲಿ ಅಚ್ಚಾಗುತ್ತೋ ಕಾಣೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅನ್ನೋ ಗಾದೆ ಸಾಲಕ್ಕೆ ಮಾತ್ರ ಅಂದುಕೊಂಡಿದ್ದೆ. ನಾನು ಸಾಲ ಕೊಟ್ಟಿರಲಿಲ್ಲ ಅಲ್ವಾ? ಕೊಟ್ಟಿದ್ದೆ, ನನಗೇ ಗೊತ್ತಿರಲಿಲ್ಲ. ಇಷ್ಟು ದೊಡ್ಡ ಕಂಪನಿಗೆ ಬಡ್ಡಿಯಿಲ್ಲದೆ, ಅಡಮಾನವಿಲ್ಲದೆ ಸಾಲ ಕೊಟ್ಟ ಬ್ಯಾಂಕು ನಾನೇ. ವ್ಯತ್ಯಾಸ ಇಷ್ಟೇ, ಬ್ಯಾಂಕಿನವರು ಫೋನ್ ಮಾಡಿದರೆ ಎತ್ತುತ್ತಾರೆ.

ಕಾನೂನಿನ ಮೊರೆ ಹೋಗಿ ಅಂದರು ತಿಳಿದವರು. ಕಾರ್ಮಿಕ ಇಲಾಖೆಗೆ ಹೋದೆ. ನೀವು ಕಾರ್ಮಿಕರಲ್ಲ, ಉದ್ಯಮಿ ಅಂದರು. ಜೇಬು ಮುಟ್ಟಿ ನೋಡಿಕೊಂಡೆ, ಉದ್ಯಮಿಯ ಲಕ್ಷಣ ಏನೂ ಸಿಗಲಿಲ್ಲ. ಸಿವಿಲ್ ಕೋರ್ಟಿಗೆ ಹೋಗಿ ಅಂದರು. ವಕೀಲರ ಹತ್ತಿರ ಹೋದೆ. ಅವರು ಕಡತ ಬಿಚ್ಚುವ ಮೊದಲೇ ಮುಂಗಡ ಇಸ್ಕೊಂಡರು. ಈ ಇಡೀ ಪ್ರಕರಣದಲ್ಲಿ ಸಮಯಕ್ಕೆ ಸರಿಯಾಗಿ ದುಡ್ಡು ಪಡೆದವರು ಅವರೊಬ್ಬರೇ. ಅವರೂ ನನ್ನ ಹಾಗೆ ಸ್ವತಂತ್ರ ವೃತ್ತಿಯವರೇ. ಆದರೆ ಕಸುಬು ಗೊತ್ತಿರುವವರು.

ಹಾಗಂತ ಲೋಕದಲ್ಲಿ ಕಾನೂನು ಇಲ್ಲ ಅನ್ನಬೇಡಿ, ಬೇಕಾದಷ್ಟಿದೆ. ನ್ಯೂಯಾರ್ಕ್ ನಗರದಲ್ಲಿ 2017ರ ಮೇ ತಿಂಗಳಿನಿಂದ ಒಂದು ಕಾನೂನು ಜಾರಿಯಲ್ಲಿದೆ. ಹೆಸರು ‘ಫ್ರೀಲಾನ್ಸ್ ಈಸಂಟ್ ಫ್ರೀ ಆ್ಯಕ್ಟ್’. ಫ್ರೀಲಾನ್ಸ್ ಅಂದರೆ ಬಿಟ್ಟಿ ಅಲ್ಲ ಅಂತ. ಸ್ವಲ್ಪ ಯೋಚನೆ ಮಾಡಿ. ಕಳ್ಳತನದ ಕಾನೂನಿಗೆ ‘ಪಕ್ಕದ ಮನೆಯ ಪಾತ್ರೆ ನಿಮ್ಮದಲ್ಲ ಕಾಯ್ದೆ’ ಅಂತ ಯಾರೂ ಹೆಸರಿಟ್ಟಿಲ್ಲ, ಕಳ್ಳರಿಗೆ ಅಷ್ಟು ಗೊತ್ತಿರುತ್ತದೆ. ಕಂಪನಿಗಳಿಗೆ ಮಾತ್ರ ಒಂದನೇ ಕ್ಲಾಸಿನ ಮಕ್ಕಳಿಗೆ ಹೇಳುವ ಹಾಗೆ ಹೆಸರಿನಲ್ಲೇ ಬಿಡಿಸಿ ಹೇಳಬೇಕಾಯಿತು. 800 ಡಾಲರ್ ಅಥವಾ ಅದಕ್ಕಿಂತ ಜಾಸ್ತಿಯ ಕೆಲಸವಾದರೆ ಲಿಖಿತ ಒಪ್ಪಂದ ಇರಬೇಕು. ದಿನಾಂಕ ಗೊತ್ತುಮಾಡಿಲ್ಲದಿದ್ದರೆ ಕೆಲಸ ಮುಗಿದ 30 ದಿನದೊಳಗೆ ದುಡ್ಡು ಕೊಡಬೇಕು. ಕೊಡದೆ ಕೋರ್ಟಿನಲ್ಲಿ ಸೋತರೆ ಎರಡು ಪಟ್ಟು ತೆರಬೇಕಾಗಬಹುದು. ಕೆಲಸ ಶುರುವಾದ ಮೇಲೆ ‘ಕಡಿಮೆ ಮಾಡ್ಕೊಳಿ, ಸಮಯಕ್ಕೆ ಕೊಡ್ತೀವಿ’ ಅನ್ನುವ ಹಾಗೂ ಇಲ್ಲ. ಅದನ್ನು ಓದಿದಾಗ ನಮ್ಮ ಅಕೌಂಟ್ಸ್‌ನವರ ಸಿಹಿ ಮಾತು ನೆನಪಾಯಿತು. ಆ ಮಾತು ಕಡಲಾಚೆಗೂ ಚಾಲ್ತಿಯಲ್ಲಿದೆ ಅಂತಾಯಿತು, ಇಲ್ಲದಿದ್ದರೆ ಅದಕ್ಕೊಂದು ಕಲಂ ಯಾಕೆ ಬೇಕು?

ಬ್ರಿಟನ್ನಿನಲ್ಲಿ 1998ರಿಂದಲೇ ತಡವಾದ ಪಾವತಿಗೆ ಬಡ್ಡಿಯ ಕಾನೂನಿದೆ, ಬ್ಯಾಂಕ್ ಆಫ್ ಇಂಗ್ಲೆಂಡಿನ ದರದ ಮೇಲೆ ಶೇ. 8. ಯುರೋಪಿಯನ್ ಒಕ್ಕೂಟದ 2011ರ ನಿಯಮದಲ್ಲಿ ವಸೂಲಿಯ ಖರ್ಚಿಗೆಂದೇ ಕನಿಷ್ಠ 40 ಯೂರೋ. ಭಾರತದ 2006ರ ಎಂಎಸ್ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಂತೂ ಕೇಳಿದರೆ ರೋಮಾಂಚನ. ನೋಂದಾಯಿಸಿಕೊಂಡ ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿ. ಇವನ್ನೆಲ್ಲ ಒಟ್ಟು ಹಾಕಿ ಒಂದು ರಾತ್ರಿ ಲೆಕ್ಕ ಮಾಡಿದೆ. ಬೆಳಗಾಗುವಷ್ಟರಲ್ಲಿ ನಾನು ಭಾರಿ ಸಾಹುಕಾರ. ಬಡ್ಡಿ ಕೇಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಕೇಳಿದವನಿಗೆ ಬಡ್ಡಿ ಸಿಗಬಹುದು, ಮುಂದಿನ ಕೆಲಸ ಸಿಗುವುದಿಲ್ಲ ಅಷ್ಟೇ.

ಮತ್ತೆ ನಾನು ಯಾರು ಅನ್ನೋ ಪ್ರಶ್ನೆ. ನೌಕರನೋ, ಉದ್ಯಮಿಯೋ? ಬ್ರಿಟನ್ನಿನ ಊಬರ್ ಚಾಲಕರೂ ಇದನ್ನೇ ಕೇಳಿದ್ದರು. ಕಾಗದದಲ್ಲಿ ಏನೇ ಬರೆದಿರಲಿ, ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ ಅಂತ ನೋಡಬೇಕು, ಇವರು ಕೆಲಸಗಾರರೇ ಅಂತ ಅಲ್ಲಿನ ಟ್ರಿಬ್ಯೂನಲ್ 2016ರಲ್ಲಿ ಹೇಳಿತು. ಅದೇ ಮಾತನ್ನು ಸುಪ್ರೀಂ ಕೋರ್ಟ್ ಖಾಯಂ ಮಾಡಿದ್ದು 2021ರ ಫೆಬ್ರವರಿಯಲ್ಲಿ. ನ್ಯಾಯಕ್ಕೂ ಒಂದು ಸೈಕಲ್ ಇದೆ ಅಂತ ಸಮಾಧಾನ ಮಾಡಿಕೊಂಡೆ.

ಈ ದಾರಿಯಲ್ಲಿ ಮೈ ಹಣ್ಣಾದ ಹಿರಿಯರೊಬ್ಬರು ಎರಡು ಮಾತು ಹೇಳಿದರು. ಅರ್ಧ ದುಡ್ಡು ಮುಂಗಡ ಇಸ್ಕೊಳ್ಳಪ್ಪ. ಪೂರ್ತಿ ದುಡ್ಡು ಕೈಸೇರಿದ ಮೇಲಷ್ಟೇ ಮಾಡಿದ ಕೆಲಸದ ಹಕ್ಕು ಅವರಿಗೆ ಅಂತ ಮೊದಲೇ ಬರೆಸ್ಕೊ. ಒಳ್ಳೆಯ ಮಾತು. ನನಗೆ ಸಿಕ್ಕಿದ್ದು ಸಹಿ ಹಾಕಿ ಆರು ತಿಂಗಳಾದ ಮೇಲೆ.

ಕೊನೆಗೆ ತಾರೀಖು ಹಾಕಿ ನೋಟಿಸ್ ಕಳಿಸಿದೆ. ಮೂರು ತಿಂಗಳು ಮಾತಾಡದ ಕಂಪನಿ ನಾಲ್ಕೇ ಗಂಟೆಯಲ್ಲಿ ಉತ್ತರ ಬರೆಯಿತು. ಒಪ್ಪಂದದ ಗೋಪ್ಯತೆಯ ಷರತ್ತಿನ ಪ್ರಕಾರ ಈ ವಿಷಯವನ್ನು ಹೊರಗೆ ಹೇಳುವಂತಿಲ್ಲ ಅಂತ. ನನ್ನ ದುಡ್ಡು ಅಷ್ಟು ದೊಡ್ಡ ವ್ಯಾಪಾರ ರಹಸ್ಯ ಅಂತ ಅವತ್ತೇ ಗೊತ್ತಾಗಿದ್ದು. ಅದಕ್ಕೇ ಇರಬೇಕು, ನನಗೂ ತೋರಿಸುತ್ತಿರಲಿಲ್ಲ.

ವಾರ ಕಳೆದ ಮೇಲೆ ಇನ್ನೊಂದು ಈಮೇಲ್. ದುಡ್ಡೇ ಬಂತು ಅಂತ ಎದೆ ಢವಢವ. ಅಲ್ಲ, ಒಂದು ಫಾರಂ. ಕಂಪನಿಗೆ ಸರಕು, ಸೇವೆ ಕೊಡುವವರೆಲ್ಲ ತುಂಬಲೇಬೇಕಾದ ‘ಸಪ್ಲೈಯರ್ ಕೋಡ್ ಆಫ್ ಕಂಡಕ್ಟ್’. ತುಂಬದಿದ್ದರೆ ಪಾವತಿ ಇಲ್ಲ.

ನಿಮ್ಮ ಸಂಸ್ಥೆಯಲ್ಲಿ ಎಷ್ಟು ಕೆಲಸಗಾರರಿದ್ದಾರೆ? ಒಬ್ಬ. ಬೆಂಕಿ ಬಿದ್ದರೆ ಹೊರಗೆ ಹೋಗಲು ದಾರಿ ಎಷ್ಟು? ಒಂದು, ಕಿಟಕಿ ಸೇರಿಸಿದರೆ ಎರಡು. ಮಕ್ಕಳನ್ನು ದುಡಿಸಿಕೊಳ್ಳುತ್ತೀರಾ? ಇಲ್ಲ, ಕೆಲಸ ಒಪ್ಪಿಕೊಂಡಾಗ ಸ್ವಲ್ಪ ಚಿಕ್ಕವನಿದ್ದೆ, ಕಾಯುತ್ತಾ ದೊಡ್ಡವನಾದೆ. ಕೆಲಸಗಾರರು ದೂರು ಹೇಳಿಕೊಳ್ಳಲು ವ್ಯವಸ್ಥೆ ಇದೆಯೇ? ಇದೆ, ರಾತ್ರಿ ಎರಡು ಗಂಟೆಗೆ, ಸೂರು ನೋಡುತ್ತಾ ಮಲಗಿದಾಗ.

ನಲವತ್ತೊಂದನೇ ಪ್ರಶ್ನೆ: ನಿಮ್ಮ ಬಳಿ ದುಡಿಯುವವರಿಗೆ ಪೂರ್ತಿ ವೇತನವನ್ನು ಸಕಾಲಕ್ಕೆ ಕೊಡುತ್ತಿದ್ದೀರಾ?

ಸುಳ್ಳು ಹೇಳಬಾರದು ಅಂತ ಫಾರಮ್ಮಿನ ತಲೆಯಲ್ಲೇ ಬರೆದಿತ್ತು. ‘ಇಲ್ಲ’ ಅಂತ ಬರೆದೆ. ‘ಕಾರಣ’ ಅನ್ನುವ ಕಡೆ ಒಂದೇ ಗೆರೆ ಜಾಗ ಇತ್ತು. ‘ನೀವು’ ಅಂತ ಬರೆದೆ. ಇನ್ನೂ ಜಾಗ ಮಿಕ್ಕಿತು.

ಉತ್ತರ ಮರುದಿನವೇ ಬಂತು, ಬಹಳ ಗಂಭೀರವಾಗಿ. ದುಡಿಯುವವರ ವೇತನದ ವಿಷಯದಲ್ಲಿ ನಮ್ಮ ಕಂಪನಿ ಯಾವ ರಾಜಿಯನ್ನೂ ಮಾಡಿಕೊಳ್ಳುವುದಿಲ್ಲ. ನಿಮ್ಮ ಕೆಲಸಗಾರನಿಗೆ ಬಾಕಿ ಪೂರ್ತಿ ತೀರಿಸಿದ ದಾಖಲೆ ಕಳಿಸುವವರೆಗೆ ನಿಮ್ಮ ಎಲ್ಲ ಪಾವತಿಗಳನ್ನು ತಡೆಹಿಡಿಯಲಾಗಿದೆ. ಏಳು ದಿನದೊಳಗೆ ಇತ್ಯರ್ಥ ಮಾಡಿಕೊಳ್ಳಿ. ಅವರಿಗೆ ಅರವತ್ತು, ನನಗೆ ಏಳು.

ನಿನ್ನೆ ಸಂಜೆ ನನ್ನ ಕೆಲಸಗಾರನನ್ನು ಕೂರಿಸಿಕೊಂಡು ಮಾತಾಡಿದೆ. ಹಠಮಾರಿ, ಚಕ್ರಬಡ್ಡಿ ಸಮೇತ ಕೇಳುತ್ತಿದ್ದಾನೆ. ಇಲಾಖೆಗೆ ಹೋಗ್ತೀನಿ ಅಂತ ಹೆದರಿಸುತ್ತಾನೆ ಬೇರೆ. ನೀವು ನಮ್ಮ ಕುಟುಂಬದವರು ಅಲ್ವಾ, ಮುಂದಿನ ಸೈಕಲ್‌ನಲ್ಲಿ ನೋಡೋಣ ಅಂದು ಕಳಿಸಿದ್ದೇನೆ.